ಎಲ್ಲರೂ ಒಪ್ಪಿದ ಪದಕೋಶ

ನನ್ನ ಮಾತಿಗೆ ಯಾರೂ ಎದುರಾಡುವುದಿಲ್ಲ. ಬಹಳ ವರ್ಷ ಇದನ್ನು ನನ್ನ ಮಾತಿನ ಗುಣವೆಂದೇ ತಿಳಿದಿದ್ದೆ. ಮನೆಯಲ್ಲಾಗಲಿ ಓಣಿಯಲ್ಲಾಗಲಿ, ಒಂದು ವಿಷಯವನ್ನು ಮೊದಲೇ ಯೋಚಿಸಿ, ಹಿಂದುಮುಂದು ಜೋಡಿಸಿ ನಾನು ಹೇಳಿದರೆ ಕೇಳಿದವರು ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಜಗಳ ಎದ್ದಾಗ ನನಗೆ ಅವರ ಮೇಲೆ ಮರುಕ ಹುಟ್ಟುತ್ತಿತ್ತು. ಪಾಪ, ಆ ಮನೆಯಲ್ಲಿ ಸರಿಯಾಗಿ ಹೇಳಬಲ್ಲವರು ಇಲ್ಲವೆಂದು ಕಾಣುತ್ತದೆ ಎಂದುಕೊಳ್ಳುತ್ತಿದ್ದೆ.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು. ಆ ಕೆಲಸ ಮನುಷ್ಯನಿಗೆ ಒಂದು ಚಟ ಹಚ್ಚುತ್ತದೆ. ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿಗೆ ಫೋನು ಮಾಡಿ ಕೇಳಬೇಕು. ಆ ಕಡೆಯವನು ನಾನು ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ತಿರುಗಿ ಹೇಳಿದನೆಂದರೆ ಅವನಿಗೆ ತಿಳಿದಿದೆ, ಒಪ್ಪಿದ್ದಾನೆ, ಹಳಿ ಖಾಲಿ ಇದೆ. ಅಷ್ಟಾದ ಮೇಲೆ ನಾನು ಹಸಿರು ಬಾವುಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದೆ. ಬದುಕೆಲ್ಲ ಹೀಗೆ ಕಳೆದವನಿಗೆ, ಎದುರಿನವರು ತನ್ನ ಮಾತನ್ನೇ ತನಗೆ ಹೇಳಿದರೆ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇರೆ ಇದೆ ಎಂದು ಅನಿಸುವುದೇ ಇಲ್ಲ.

ಯಾದಗಿರಿಯಲ್ಲಿ ನಿವೃತ್ತನಾಗಿ ಮನೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದ್ದು. ತೊಗರಿ ಬೇಳೆ, ಕಡಲೆ ಬೇಳೆ, ಶೇಂಗಾ, ರವೆ. ಒಂದೊಂದು ಡಬ್ಬಿಗೆ ಒಂದು ಪದಾರ್ಥ, ಅದರದೇ ಜಾಗ. ನನ್ನ ಹೆಂಡತಿ ಶಾಂತಮ್ಮ ಪಕ್ಕದಲ್ಲೇ ನಿಂತು ನೋಡಿದಳು. "ಇನ್ನು ಮುಂದೆ ತಪ್ಪು ಆಗೂ ಹಂಗಿಲ್ಲ" ಎಂದೆ. "ಆಗೂ ಹಂಗಿಲ್ರಿ" ಎಂದಳು. ನಾನು ಸಮಾಧಾನದಿಂದ ಅಂಟಿನ ಕೈ ತೊಳೆದುಕೊಂಡೆ. ಆಮೇಲೆ ಅಡುಗೆಮನೆಯ ಕಡೆ ಹೋಗುವ ಅಗತ್ಯ ನನಗೆ ಬೀಳಲಿಲ್ಲ.

ಈ ಕೀರ್ತಿ ಊರಲ್ಲಿ ಹೇಗೋ ಹಬ್ಬಿರಬೇಕು. ನಮ್ಮೂರಿನ ಬೀಜ ಗೊಬ್ಬರದ ಕಂಪನಿಯೊಂದರ ಒಡತಿ ವಿಜಯಕ್ಕ ನನ್ನನ್ನು ಕರೆಸಿದರು. ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ಕಾಲದಲ್ಲಿ ಅವರ ತಂದೆ ಸಣ್ಣ ಅಂಗಡಿ ಇಟ್ಟವರು. ಈಗ ಯಾದಗಿರಿಯಲ್ಲಿ ದೊಡ್ಡ ಆಫೀಸು. ಸುರಪುರ, ಶಹಾಪುರ, ವಡಗೇರಾಗಳಲ್ಲಿ ಒಂದೊಂದು ಡಿಪೋ. ಎಲ್ಲ ಡಿಪೋಗಳ ಮಾಹಿತಿ ಯಾದಗಿರಿಯ ಕಂಪ್ಯೂಟರಿಗೆ ಬಂದು ಸೇರಬೇಕು. ಸೇರುತ್ತಿತ್ತು ಕೂಡ. ತೊಂದರೆ ಏನೆಂದರೆ, ಸೇರಿದ ಮೇಲೆ ಅದು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾಲು ಎಷ್ಟಿದೆ ಎಂದು ಕೇಳಿದರೆ ಸುರಪುರದವರು ದಾರಿಯಲ್ಲಿರುವ ಲಾರಿಯನ್ನೂ ಸೇರಿಸಿ ಹೇಳುತ್ತಿದ್ದರು. ಶಹಾಪುರದವರು ಗೋದಾಮಿನಲ್ಲಿ ಕಣ್ಣೆದುರಿಗೇ ಇದ್ದರೂ, ಯಾರಿಗಾದರೂ ಕೊಡುತ್ತೇವೆಂದು ಮಾತು ಕೊಟ್ಟಿದ್ದರೆ ಅದನ್ನು ಕಳೆದು ಹೇಳುತ್ತಿದ್ದರು. ಗಿರಾಕಿ ಎಂದರೆ ಒಂದು ಡಿಪೋದಲ್ಲಿ ಇಡೀ ಮನೆತನ. ಇನ್ನೊಂದರಲ್ಲಿ ಕೌಂಟರಿಗೆ ಬಂದ ಪ್ರತಿ ಮನುಷ್ಯ, ಜೊತೆಗಾರನಾಗಿ ಬಂದು ಬೆಂಚಿನ ಮೇಲೆ ಕೂತವನೂ ಸೇರಿ.

"ಕಂಪ್ಯೂಟರಿಗೆ ನಾಚಿಕಿ ಅನ್ನೂದಿಲ್ರಿ ಸರ, ಎಲ್ಲಾ ಕೂಡಿಸಿ ಒಂದು ಲೆಕ್ಕ ಒಗದು ಬಿಡ್ತದ" ಎಂದಳು ಕಂಪ್ಯೂಟರಿನ ಕೆಲಸ ನೋಡಿಕೊಳ್ಳುವ ರೇಣುಕಾ.

ವಿಜಯಕ್ಕನಿಗೆ ಬೇಕಾದದ್ದು ಇಷ್ಟು: ಕಂಪನಿಗೆಲ್ಲ ಸೇರಿ ಒಂದು ಪದಕೋಶ. ಪ್ರತಿ ಪದಕ್ಕೆ ಎಲ್ಲ ಡಿಪೋಗಳಲ್ಲೂ ಒಂದೇ ಅರ್ಥ, ಆ ಅರ್ಥವನ್ನು ಕಾಯಲು ಒಬ್ಬ ಜಿಮ್ಮೇದಾರ. "ಎಲ್ಲಾರನೂ ಕೇಳಿ ಬರೀರಿ ಮಾಸ್ತರ್ರ" ಎಂದರು. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು "ಬರೀರಿ" ಮಾತ್ರ. ಮನೆಗೆ ಬಂದು ಪದಕೋಶವನ್ನು ನಾನೇ ಬರೆದು ಮುಗಿಸಿದೆ.

ಬರೆದದ್ದು ಕೆಟ್ಟದಾಗಿರಲಿಲ್ಲ. ಉದಾಹರಣೆಗೆ ಹಂಗಾಮು. ಕಂಪನಿಯಲ್ಲಿ ಎಲ್ಲ ಹೋಲಿಕೆಯೂ ಹಂಗಾಮಿನ ಮೊದಲ ತಿಂಗಳ ವ್ಯಾಪಾರದ ಮೇಲೆ ನಡೆಯುತ್ತದೆ. ಆದರೆ ಹಂಗಾಮು ಶುರುವಾಗುವುದು ಯಾವಾಗ ಎಂಬುದಕ್ಕೆ ಡಿಪೋಗೊಂದು ಉತ್ತರ. ನಾನು ಚುಟುಕಾಗಿ ಬರೆದೆ: "ಹಂಗಾಮಿನ ಆರಂಭ: ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ದಿನ. ಎಲ್ಲ ಡಿಪೋಗಳಿಗೂ ಅನ್ವಯ." ಓದಿ ನೋಡಿದೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಡಿಪೋದವರ ಸಭೆ ಕರೆದೆವು. ಸುರಪುರದಿಂದ ರಾಜಶೇಖರ, ಶಹಾಪುರದಿಂದ ಮಹಿಬೂಬ ಸಾಬರು, ವಡಗೇರಾದಿಂದ ಹನುಮಂತ. ಹನುಮಂತನ ತಂದೆ ಸ್ಟೇಷನ್ನಿನಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದವನು. ಮಗನನ್ನು ನಾನು ಅಂಗಿಯಿಲ್ಲದೆ ಓಡಾಡುತ್ತಿದ್ದ ವಯಸ್ಸಿನಿಂದ ಬಲ್ಲೆ. ನಾನು ಒಂದೊಂದೇ ಪದ ಓದಿದೆ. ಪ್ರತಿ ಪದ ಮುಗಿದ ಮೇಲೆ ಎಲ್ಲರ ಮುಖ ನೋಡಿದೆ. "ಆಗ್ಲಿರಿ ಸರ" ಎಂದರು. ನನ್ನ ಅಭ್ಯಾಸದಂತೆ ತಿರುಗಿ ಹೇಳಿಸಿದೆ. "ನೀರು ಬಿಟ್ಟ ದಿನ, ಎಲ್ಲಾ ಡಿಪೋಕ್ಕೂ ಒಂದೇ" ಎಂದು ಹನುಮಂತ ಅಕ್ಷರ ಬಿಡದೆ ಹೇಳಿದ. ಸಭೆ ಎಷ್ಟು ಬೇಗ ಮುಗಿಯಿತೆಂದರೆ, ಚಹಾ ತಂದವನು ಖಾಲಿ ಕುರ್ಚಿಗಳನ್ನು ನೋಡಿ ಇನ್ನೂ ಯಾರೂ ಬಂದಿಲ್ಲವೆಂದು ತಿಳಿದು ಚಹಾ ವಾಪಸು ಒಯ್ದನಂತೆ.

"ಒಬ್ರೂ ಬ್ಯಾಡ ಅನ್ಲಿಲ್ಲಲ್ರಿ ಸರ" ಎಂದಳು ರೇಣುಕಾ, ಏನೋ ಕಳೆದುಕೊಂಡವಳಂತೆ.

"ತಯಾರಿ ಅಂದ್ರ ಹಂಗ ಇರಬೇಕಮ್ಮ" ಎಂದೆ. ಪದಕೋಶದ ಮೇಲೆ ದಪ್ಪ ಅಕ್ಷರದಲ್ಲಿ "ಸರ್ವಾನುಮತದಿಂದ" ಎಂದು ಬರೆಸಿದೆ.

ಪದಕೋಶದ ಪ್ರಕಾರ ಕಂಪ್ಯೂಟರು ಲೆಕ್ಕ ಹಾಕಿದ ಮೊದಲ ಹಂಗಾಮಿನಲ್ಲೇ ವಡಗೇರಾ ಡಿಪೋ ನೆಲಕ್ಕೆ ಬಿತ್ತು. ಸುರಪುರ ಬಹಳ ಮುಂದೆ, ಶಹಾಪುರ ನಡುವೆ, ವಡಗೇರಾದಲ್ಲಿ ಮೊದಲ ತಿಂಗಳು ವ್ಯಾಪಾರ ಆಗಿಯೇ ಇಲ್ಲ ಎನ್ನುವಷ್ಟು. ವಿಜಯಕ್ಕ ಅವಸರದ ಹೆಂಗಸಲ್ಲ, ಆದರೂ ಹಾಳೆ ಕಣ್ಣೆದುರಿಗಿತ್ತು. ವಡಗೇರಾ ಡಿಪೋ ಮುಚ್ಚಿ ಶಹಾಪುರಕ್ಕೆ ಸೇರಿಸುವುದು, ಹನುಮಂತನನ್ನು ಸುರಪುರಕ್ಕೆ ಕಳಿಸುವುದು ಎಂಬ ಮಾತು ಬಂತು. "ಹೋಗಿ ಗೋದಾಮು ನೋಡಿ ಬರ್ರಿ, ಆಮ್ಯಾಲ ಆರ್ಡರ್ ತೆಗೀತೀನಿ" ಎಂದು ನನ್ನನ್ನೇ ಕಳಿಸಿದರು.

ವಡಗೇರಾಕ್ಕೆ ಬಸ್ಸಿನಲ್ಲಿ ಹೋದೆ. ಅಣೆಕಟ್ಟಿನಿಂದ ನೀರು ಬಿಟ್ಟು ತಿಂಗಳು ದಾಟಿತ್ತು. ಊರ ಹೊರಗಿನ ಉಪಕಾಲುವೆಯ ಒಳಗೆ ಒಬ್ಬಾಕೆ ಸೀರೆ ಒಣಗಹಾಕಿದ್ದಳು. ಅದೂ ಅಂಚಿನ ಮೇಲಲ್ಲ, ನೀರು ಹರಿಯಬೇಕಾದ ತಳದಲ್ಲಿ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರಿ. ಅದನ್ನು ನೋಡಿದವನಿಗೆ ಡಿಪೋದ ಗೋದಾಮು ನೋಡುವ ಕೆಲಸ ಉಳಿಯಲಿಲ್ಲ. ನೀರು ಸುರಪುರದ ಗದ್ದೆಗಳನ್ನು ತುಂಬಿ, ಶಹಾಪುರದ ಗದ್ದೆಗಳನ್ನು ತುಂಬಿ, ಆಮೇಲೆ ಮನಸ್ಸಿದ್ದರೆ ಇಲ್ಲಿಗೆ ಬರಬೇಕು. ಮುಂಬಯಿಯಲ್ಲಿ ಗಾಡಿ ಹೊರಟಿತೆಂದು ಯಾದಗಿರಿಯಲ್ಲಿ ಗಂಟೆ ಬಾರಿಸಿ, ಹತ್ತಲು ಬಂದವರೇಕೆ ಕಾಣುತ್ತಿಲ್ಲ ಎಂದು ಕೇಳುವ ಸ್ಟೇಷನ್ ಮಾಸ್ತರನನ್ನು ರೈಲ್ವೆಯವರು ಒಂದು ದಿನ ಇಟ್ಟುಕೊಳ್ಳುತ್ತಿರಲಿಲ್ಲ. ನಾನು ಬರೆದದ್ದು ಅದೇ ಆಗಿತ್ತು.

ಡಿಪೋದಲ್ಲಿ ಹನುಮಂತ ಎದ್ದು ನಿಂತು ತನ್ನ ಕುರ್ಚಿ ಬಿಟ್ಟುಕೊಟ್ಟ. ಬಾಗಿಲಲ್ಲಿ ಇಬ್ಬರು ರೈತರು ಕೂತಿದ್ದರು.

"ಬೀಜ ಒಯ್ಯಾಕ ಬಂದೀರೇನು?" ಎಂದು ಕೇಳಿದೆ.

"ನೀರ ಬರ್ಲಾರದ ಬೀಜ ಒಯ್ದು ಏನ್ ಮಾಡೂನ್ರಿ, ಹುರಕೊಂಡು ತಿನ್ನೂನೇನ್ರಿ?" ಎಂದ ಅವರಲ್ಲಿ ಹಿರಿಯ. "ನೀರ ಎಲ್ಲೀತನ ಬಂದದ ಅಂತ ಕೇಳಾಕ ಬಂದೀವಿ. ಹನುಮಂತಪ್ಪ ಫೋನ್ ಮಾಡಿ ಹೇಳ್ತಾನ."

ಅವರು ಹೋದ ಮೇಲೆ ಹನುಮಂತನನ್ನು ಕೇಳಿದೆ. "ಸಭಾದಾಗ ಯಾಕ ಹೇಳಲಿಲ್ಲೋ?"

"ಏನ್ ಹೇಳ್ಲಿರಿ?"

"ನಮ್ಮ ಕಡೆ ನೀರು ತಡಾ ಆಗಿ ಬರ್ತದ, ಈ ಅರ್ಥ ನಮಗ ಹೊಂದೂದಿಲ್ಲ ಅಂತ."

ಅವನು ಮೇಜಿನ ಮೇಲಿನ ಬೀಜದ ಪಾಕೀಟನ್ನು ನೆಟ್ಟಗೆ ಮಾಡಿದ. "ನಮ್ಮಪ್ಪ ನಿಮ್ಮ ಕೈಯಾಗ ನೌಕರಿ ಮಾಡಿದಾವ್ರಿ. ನೀವು ಓದಿ ಹೇಳಿದ ಮ್ಯಾಲ ಮಂದಿ ಎದುರ ನಾ ಇಲ್ಲ ಅಂದ್ರ ಹ್ಯಾಂಗ ಕಾಣ್ತದ್ರಿ?"

"ಡಿಪೋ ಮುಚ್ಚಿದ್ರ ಹ್ಯಾಂಗ ಕಾಣ್ತದ?"

"ಅದು ಬ್ಯಾರೇರಿ" ಎಂದ. "ನನ್ನ ಹೆಂಡ್ತಿ ಇಲ್ಲೇ ಅಂಗನವಾಡ್ಯಾಗ ಅದಾಳ್ರಿ. ಆಕಿ ಸುರಪುರಕ್ಕ ಬರಾಕ ಆಗೂದಿಲ್ಲ. ನಾ ಒಬ್ಬನ ಹೋಗ್ತೀನ್ರಿ. ಈ ಮಂದಿ ಚೀಲ ಹೊತ್ಕೊಂಡು ಶಹಾಪುರಕ್ಕ ಬಸ್ ಹತ್ತ್ಯಾರು, ನಡೀತದ್ರಿ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮನೆಗೆ ಬಂದು ಶಾಂತಮ್ಮನಿಗೆ ಎಲ್ಲ ಹೇಳಿದೆ. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು, ಈ ಜನಕ್ಕೆ ಏನಾಗಿದೆ ಎಂದು ಕೇಳಿದೆ. ಅವಳು ಒಳಗೆ ಹೋಗಿ "ತೊಗರಿ ಬೇಳೆ" ಎಂಬ ಚೀಟಿಯ ಡಬ್ಬಿ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಒಳಗೆ ಅವಲಕ್ಕಿ ಇತ್ತು.

"ಇದು ಯಾವಾಗಿಂದ?"

"ನೀವು ಚೀಟಿ ಹಚ್ಚಿದ ಮರುದಿನದಿಂದ. ಬ್ಯಾಳಿ ದಿನಾ ಬೇಕು, ನೀವು ಅದನ್ನ ಮ್ಯಾಲಿನ ಹಲಗಿಗೆ ಇಟ್ರಿ. ನನ್ನ ಕೈ ಮುಟ್ಟೂದಿಲ್ಲ."

"ಆವತ್ತು ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಯಾಕ ಹಂಗ ಇಟ್ಟೀನಿ ಅಂತ ತಿಳಿಸಿ ಹೇಳ್ತಿದ್ರಿ. ಒಲಿ ಮ್ಯಾಲ ಹಾಲಿತ್ತು." ಮುಚ್ಚಳ ಹಾಕುತ್ತ ಅವಳು ಮುಂದುವರಿಸಿದಳು. "ನಾವೂ ಜಗಳಾ ಮಾಡ್ತೀವ್ರಿ. ನೀವು ಹೊರಗ ಹೋದ ಮ್ಯಾಲ ಮಾಡ್ತೀವಿ. ನಿಮ್ಮ ಡಿಪೋದ ಹುಡುಗ್ರೂ ಮಾಡ್ತಾರ. ಜರಾ ಎದ್ದು ಹೋಗ್ರಲ್ಲ."

ವಿಜಯಕ್ಕನಿಂದ ಸ್ವಲ್ಪ ಸಮಯ ಕೇಳಿಕೊಂಡು ಎರಡನೇ ಸಭೆ ಕರೆಸಿದೆ. ಎದ್ದು ಹೋಗುವುದು ಅವಮಾನವೆನಿಸಿ, ಮೊದಲು ನನ್ನದೇ ಉಪಾಯ ಮಾಡಿ ನೋಡಿದೆ. "ಹಂಗಾಮಿನ ಅರ್ಥ ಸರಿ ಇಲ್ಲ ಅಂತ ನನಗಽ ಅನಸ್ಯಾದ. ಇವತ್ತು ಯಾರೂ ಒಪ್ಪಬಾರದು. ಎಲ್ಲಾರೂ ವಿರೋಧ ಮಾಡಬೇಕು" ಎಂದೆ.

"ಆಗ್ಲಿರಿ ಸರ" ಎಂದರು ಎಲ್ಲರೂ. ಮಹಿಬೂಬ ಸಾಬರಂತೂ, "ಬರೋಬರಿ ಹೇಳಿದ್ರಿ, ವಿರೋಧ ಮಾಡೂದಽ ಛಲೋ" ಎಂದು ತಲೆಯಾಡಿಸಿದರು. ಅನಂತರ ಮುಂದಿನ ಪದಕ್ಕೆಂದು ಹಾಳೆ ತಿರುವಿದರು. ರೇಣುಕಾ ನನ್ನನ್ನೇ ನೋಡುತ್ತಿದ್ದಳು.

ನಾನು ಎದ್ದೆ. ಜರಾ ಗಾಳಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಗಿನ ಪಡಸಾಲೆಗೆ ಬಂದು ನಿಂತೆ. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ರಾಜಶೇಖರನ ದನಿ ಬಂತು.

"ಬಿಟ್ಟ ದಿನ ಅಂದ್ರ ಬಿಟ್ಟ ದಿನ. ನಿಮ್ಮ ರೈತರು ಮಲ್ಕೊಂಡಿದ್ರ ಅದಕ್ಕ ನಾವೇನ್ ಮಾಡೂನು?"

"ಬಾಗಲದಾಗ ಕಾಲಿವಿ ಇಟ್ಕೊಂಡು ಮಾತಾಡಬ್ಯಾಡೋ ರಾಜಾ" ಎಂದ ಹನುಮಂತ. ಅವನಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ. "ನೀವು ಉಂಡು ಕೈ ತೊಳದ ಮ್ಯಾಲ ನಮಗ ನೀರ ಬರ್ತದ. ನಮ್ಮ ಕಾಲಿವ್ಯಾಗ ಸೀರಿ ಒಣಗಾಕತ್ತಾವ, ಬಂದು ನೋಡು."

"ಇಬ್ರೂ ಸುಮ್ನಿರ್ರಿ" ಎಂದರು ಮಹಿಬೂಬ ಸಾಬರು. "ನಡುವ ಸಾಯಾವ ನಾನು. ಮ್ಯಾಲಿನವರು ಬಿಡೂದಿಲ್ಲ, ಕೆಳಗಿನವರು ನಾನಽ ಕುಡದೀನಿ ಅಂತಾರ."

"ಮಾಸ್ತರ್ರು ಬರದದ್ದು ಪೂರಾ ತಪ್ಪದ" ಎಂದ ಹನುಮಂತ. "ಅವರಿಗೆ ಕಾಲಿವಿನೂ ರೈಲ್ ಹಳಿ ಆಗ್ಯಾದ. ನೀರಿಗೇನು ಟೈಮ್ ಟೇಬಲ್ ಅದ ಏನು? ನೀರು ಯಾವ ಡಿಪೋದ ಹಳ್ಳಿಗೆ ಯಾವತ್ತು ಮುಟ್ಟತದೋ ಆವತ್ತು ಆ ಡಿಪೋದ ಹಂಗಾಮು. ಬರಕೋ ರೇಣುಕಾ."

"ಜಿಮ್ಮೇದಾರ ಯಾರ್ರಿ?" ರೇಣುಕಾಳ ದನಿ.

"ಅವನಽ ಇರಲಿ ಬಿಡವ್ವ" ಎಂದ ರಾಜಶೇಖರ. "ನೀರಿನ ದಾರಿ ಅವನಷ್ಟು ಕಾಯಾವ ಯಾವನದಾನ?"

ಎಲ್ಲರೂ ನಕ್ಕರು. ಕಿಟಕಿಯ ಪಕ್ಕ ನಿಂತಿದ್ದ ನನಗೆ, ನನ್ನನ್ನು ತಪ್ಪೆಂದು ಯಾರೋ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕೇಳಿ ಎದೆಯೊಳಗೆ ಏನೋ ಹಗುರವಾದಂತಾಯಿತು. ಆ ಸಂತೋಷದಲ್ಲಿ ಬುದ್ಧಿಗೆಟ್ಟು ಒಳಗೆ ಹೋದೆ. "ಹನುಮಂತ, ಭಾಳ ಛಲೋ ಅಂದಿ. ನಾ ಬರದದ್ದು ತಪ್ಪಽ ಅದ" ಎಂದೆ.

ಹನುಮಂತ ದಡಕ್ಕನೆ ಎದ್ದು ನಿಂತ. "ಇಲ್ರಿ ಸರ, ನೀವು ಬರದದ್ದಽ ಖರೇರಿ" ಎಂದ. ಉಳಿದಿಬ್ಬರೂ ಹೌದೆಂದರು. ರೇಣುಕಾ ಮಾತ್ರ ಬರೆದದ್ದನ್ನು ಕೈಯಿಂದ ಮುಚ್ಚಿಕೊಂಡು, "ಸರ, ಗಾಳಿ ಇನ್ನಾ ಛಲೋ ಅದ ನೋಡ್ರಿ ಹೊರಗ" ಎಂದಳು. ನಾನು ಮತ್ತೆ ಪಡಸಾಲೆಗೆ ಬಂದೆ.

ವಡಗೇರಾಕ್ಕೂ ನೀರು ಬಂದು ಒಂದು ತಿಂಗಳು ಕಳೆದ ಮೇಲೆ, ಹೊಸ ಅರ್ಥದಂತೆ ಲೆಕ್ಕ ಹಾಕಿದಾಗ ವಡಗೇರಾ ಶಹಾಪುರಕ್ಕೆ ಸರಿಸಮ ನಿಂತಿತು. ವಿಜಯಕ್ಕ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಡಿಪೋ ಮುಚ್ಚುವ ಮಾತು ಬಿಟ್ಟರು. ಹನುಮಂತ ವಡಗೇರಾದಲ್ಲೇ ಇದ್ದಾನೆ.

ಪದಕೋಶದ ಸಭೆ ಈಗಲೂ ತಿಂಗಳಿಗೊಮ್ಮೆ ನಡೆಯುತ್ತದೆ. ಪದಗಳೂ ಕಾಲುವೆಯ ಹಾಗೇ, ಹೂಳು ತುಂಬುತ್ತಲೇ ಇರುತ್ತದೆ, ತೆಗೆಯುತ್ತಲೇ ಇರಬೇಕು. ನಾನು ಪದ ಓದುತ್ತೇನೆ, ಕನ್ನಡಕ ಜೇಬಿಗಿಟ್ಟುಕೊಂಡು ಹೊರಗೆ ಬರುತ್ತೇನೆ. ಒಮ್ಮೆ ಕನ್ನಡಕ ಒಳಗೇ ಮರೆತು, ಅದನ್ನು ತರಲು ಹೋಗಿದ್ದಕ್ಕೆ, ಆಗತಾನೇ ಜಗಳಾಡಿ ತೀರ್ಮಾನಿಸಿದ್ದ ಗಿರಾಕಿಯ ಅರ್ಥ ಮತ್ತೆ ನನ್ನ ಅರ್ಥಕ್ಕೇ ಬಂದು ನಿಂತಿತ್ತು. ಚಹಾ ಪಡಸಾಲೆಗೇ ಬರುತ್ತದೆ. ದೂರದಲ್ಲಿ ಗಾಡಿಯ ಸಿಳ್ಳೆ ಕೇಳಿಸುತ್ತದೆ. ಬಾವುಟ ಹಿಡಿದು ಹೊರಗೆ ನಿಂತವನೇ ಗಾಡಿ ನಡೆಸುತ್ತಾನೆಂದು ಅಷ್ಟು ವರ್ಷ ಹೇಗೆ ನಂಬಿದ್ದೆನೋ ಎಂದು ಯೋಚಿಸಲು ಅಲ್ಲಿ ಬೇಕಾದಷ್ಟು ಬಿಡುವಿದೆ.

ಮೊನ್ನೆ ಶಾಂತಮ್ಮನಿಗೆ, ಡಬ್ಬಿಯಲ್ಲಿ ಈಗ ಏನೇನಿದೆಯೋ ಅದನ್ನೇ ನೋಡಿಕೊಂಡು ಹೊಸ ಚೀಟಿ ಬರೆದು ಅಂಟಿಸಿಕೊಡಲೇ ಎಂದು ಕೇಳಿದೆ.

"ಆಗ್ಲಿರಿ" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತೆ.