ಅಕ್ಕನ ತೆಂಗಿನಕಾಯಿ

ನಮ್ಮೂರ ಗ್ರಾಮ ಪಂಚಾಯಿತಿಯವರು ತಪಾಸಣೆಗೆ ಬರುವ ಅಧಿಕಾರಿಗಳಿಗೆ ಅಂಜುವುದಿಲ್ಲ. ಅವರು ಅಂಜುವುದು ಒಂದು ತೆಂಗಿನಕಾಯಿಗೆ! ಅದು ನನ್ನ ಅಕ್ಕನ ಕೈಯಲ್ಲಿರಬೇಕು, ಅಷ್ಟೇ.

ಅಕ್ಕ ಪರಮಭಕ್ತೆ. ಅಮಾವಾಸ್ಯೆಗೆ ಯಲಬುರ್ಗಾದಿಂದ ಬಸ್ಸು ಹತ್ತಿ, ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆಸಿ, ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ. ಅದು ಪಂಚಾಯಿತಿಗೆ ಮೀಸಲು! ಷೋಡಶೋಪಚಾರಗಳಲ್ಲಿ ಸಿಮೆಂಟು ಪರೀಕ್ಷೆಯೆಂಬ ಉಪಚಾರವು ಯಾವ ಆಗಮದಲ್ಲಿದೆಯೋ, ಇಷ್ಟು ವರ್ಷ ಓದಿಯೂ ನಾನು ಕಾಣೆ.

ಮೊದಲ ಪರೀಕ್ಷೆ ನಮ್ಮ ಓಣಿಯ ಕಾಂಕ್ರೀಟು ರಸ್ತೆಗೆ. ಗುತ್ತಿಗೆದಾರನು ಕಾಯಿ ಒಡೆಯಲು ಕರಿಕಲ್ಲೊಂದನ್ನು ತಂದಿಟ್ಟಿದ್ದ. ಅಕ್ಕ ಅದಕ್ಕೆ ಕೈಮುಗಿದು ಪಕ್ಕಕ್ಕೆ ಸರಿಸಿದಳು.

"ಕಲ್ಲು ದೇವರು ಮಾಡಿದ್ದು. ಅದರ ಗಟ್ಟಿತನ ನನಗ ಗೊತ್ತೈತಿ. ನೀ ಮಾಡಿದ್ದರ ಮ್ಯಾಲ ಒಡೀತೀನಿ, ತಡಿ."

ಕುಕ್ಕಿದಳು. ಕಾಯಿ ಅಖಂಡವಾಗಿ ಉಳಿಯಿತು. ರಸ್ತೆಗೆ ಬಟ್ಟಲಿನಷ್ಟು ಕುಣಿ ಬಿತ್ತು!

"ಇನ್ನೂ ಹಸಿ ಐತ್ರಿ ಅಮ್ಮಾರ."

"ರಸ್ತಾ ಹಸಿ ಐತಿ, ಬಿಲ್ಲು ಹೆಂಗ ಪಾಸ್ ಆತೋ ಯಪ್ಪಾ?"

ಅವನು ರಸ್ತೆಯನ್ನು ಅಗೆದು ಮತ್ತೆ ಹಾಕಿದ. ಕಾಯಿ ಒಡೆಯಿತು. ಊರಿಗೆಲ್ಲ ಪ್ರಸಾದ ಹಂಚಿದ ಅಕ್ಕ ಅವನಿಗೆ ಮಾತ್ರ ಕೊಡಲಿಲ್ಲ. "ಎರಡನೇ ಸಲ ಪಾಸಾದವ್ರಿಗೆ ಪ್ರಸಾದ ಇಲ್ಲ!"

ಗುತ್ತಿಗೆದಾರನೇನು ದಡ್ಡನೇ? ಮುಂದೆ ತಾನು ಕಟ್ಟಿದ ನಲ್ಲಿಕಟ್ಟೆಯ ಪೂಜೆಗೆ ತಾನೇ ಕಾಯಿ ತಂದುಕೊಟ್ಟ. ಮೊದಲೇ ಮೆಲ್ಲಗೆ ಕುಟ್ಟಿ ಬಿರುಕು ಬಿಡಿಸಿದ್ದ ಕಾಯಿ! ಅಕ್ಕ ಅದನ್ನು ಕಿವಿಯ ಬಳಿ ಅಲ್ಲಾಡಿಸಿದಳು. ನೀರೆಲ್ಲ ಸೋರಿಹೋಗಿತ್ತು.

"ಇದರಾಗ ನೀರ ಇಲ್ಲಲ್ಲೋ! ನೀ ಕೂಡಿಸಿದ ನಲ್ಲಿಯ ತಮ್ಮ ಏನಿದು?"

ಇದೆಲ್ಲ ವಿನೋದವಾಯಿತು. ಆದರೆ ಕಳೆದ ಮಳೆಗಾಲದಲ್ಲಿ ಅಂಗನವಾಡಿಯ ಚಾವಣಿಯ ಗಾರೆ ಕಳಚಿ, ಅಕ್ಕನ ಮೊಮ್ಮಗಳು ಆಗತಾನೆ ಎದ್ದುಹೋಗಿದ್ದ ಚಾಪೆಯ ಮೇಲೆ ಬಿದ್ದಿತು. ಅಂದಿನಿಂದ ಮಗು ಮನೆಯಲ್ಲೇ. ಗೆಳತಿಯರು ಓಣಿಯಲ್ಲಿ ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಮುಂದಿನ ಗ್ರಾಮಸಭೆಯಲ್ಲಿ ಕಾರ್ಯದರ್ಶಿಗಳು ಹೊಸ ಕಟ್ಟಡದ ಅಂದಾಜು ಖರ್ಚನ್ನು ಓದತೊಡಗಿದರು. ಅಕ್ಕ ಎದ್ದಳು.

"ಓದಿದ್ದು ಸಾಕ್ರಿ ಸಾಹೇಬ್ರ. ನನ್ನ ಮೊಮ್ಮಗಳು ಕೂಡೂದು ಕಾಗದದ ಕೆಳಗಲ್ಲ, ಚತ್ತಿನ ಕೆಳಗ. ಅಲ್ಲಿ ಕಾಯಿ ಒಡೆದ್ರ ಆಕೀನ್ನ ಕಳಸ್ತೀನಿ."

ಕೂಲಿ ಮಾಡುವ ಮನೆಯಿಂದ ಆಯ್ಕೆಯಾಗಿ ಬಂದಿದ್ದ ಹೊಸ ಅಧ್ಯಕ್ಷೆ ಮೆಲ್ಲಗೆ ಹೇಳಿದಳು: "ತರ್ರಿ ಅಮ್ಮಾರ. ನಾನ ನಿಂತು ಮಾಡಸ್ತೀನಿ." ಕಟ್ಟುವ ಕೆಲಸ ಅದೇ ಗುತ್ತಿಗೆದಾರನದು; ಅಧ್ಯಕ್ಷೆ ಹೇಳಿದಂತೆಯೇ ಹೊಲದ ಕೆಲಸ ಮುಗಿಸಿ ಬಂದು, ದಿನವೂ ತಾನೇ ಗೋಡೆಗಳಿಗೆ ನೀರು ಹೊಡೆದಳು.

ಹೊಸ ಅಂಗನವಾಡಿಯ ಪ್ರವೇಶದ ದಿನ ಅಕ್ಕ ಮೆಟ್ಟಿಲಿಗೆ ಕಾಯಿ ಕುಕ್ಕಿದಳು. ಒಡೆಯಲಿಲ್ಲ. ಮತ್ತೆ ಕುಕ್ಕಿದಳು. ಊಹೂಂ! ಮೆಟ್ಟಿಲಿನ ಮೇಲೆ ಗೀರೂ ಬೀಳಲಿಲ್ಲ.

"ಕಾಯಿನೂ ಗಟ್ಟಿ, ಮೆಟ್ಟಲಾನೂ ಗಟ್ಟಿ! ಈಗ ಸೋತವ್ರು ಯಾರ್ರಿ?" ಎಂದ ಗುತ್ತಿಗೆದಾರ. ಜನ ನಕ್ಕರು.

ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. "ನಾನ, ಯಪ್ಪಾ. ಕೈಯಾಗ ಕಸುವು ಉಳಿದಿಲ್ಲ."

ನಗು ನಿಂತಿತು. ಅಧ್ಯಕ್ಷೆ ಅವಳ ಪಕ್ಕದಲ್ಲಿ ಕುಳಿತು, ತನ್ನ ಒರಟು ಕೈಯನ್ನು ಅಕ್ಕನ ಕೈಮೇಲಿಟ್ಟಳು. "ಕೂಡಿ ಒಡೆಯೂಣ್ರಿ."

ಫಟ್! ನೀರು ಮುಖಕ್ಕೆ ಸಿಡಿದದ್ದೇ ತಡ, ಮೊಮ್ಮಗಳು ಕಿಲಕಿಲನೆ ನಗುತ್ತ ಒಳಗೋಡಿತು.

"ಮುಂದಿನ ಸಲ ಕಾಯಿ ನೀನ ತರಬೇಕವ್ವ," ಎಂದು ಅಕ್ಕ ಒಂದು ಹೋಳನ್ನು ಅಧ್ಯಕ್ಷೆಯ ಸೆರಗಿಗೆ ಹಾಕಿದಳು. ಇನ್ನೊಂದನ್ನು ಗುತ್ತಿಗೆದಾರನತ್ತ ಚಾಚಿದಳು. ಅವನು ಚಪ್ಪಲಿ ಕಳಚಿ, ಎರಡೂ ಕೈಯೊಡ್ಡಿ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.