ಉಮರ್ಗಾದ ಲ್ಯಾಟಿನ್ ಪುರಾಣ

ಲ್ಯಾಟಿನ್ ಕಲಿಯಲು ಕೂತ ದಿನದಿಂದ ನನಗೆ ಒಂದು ವಾರವೂ ನೆಟ್ಟಗೆ ಕಳೆದಿಲ್ಲ. ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾದ ಜೂನಿಯರ್ ಕಾಲೇಜಿನಲ್ಲಿ ಇತಿಹಾಸ ಕಲಿಸುವವ. ರೋಮಿನ ಹಳೆಯ ಇತಿಹಾಸಕಾರರನ್ನು ಅವರದೇ ಗದ್ಯದಲ್ಲಿ ಓದಬೇಕೆಂಬ ಹುಚ್ಚು ಐವತ್ತು ದಾಟಿದ ಮೇಲೆ ಹತ್ತಿತು. ಇಂಟರ್‌ನೆಟ್ಟಿನಲ್ಲಿ ಕೋರ್ಸ್ ಸೇರಿದೆ, ಬಾಯಿ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದೆ. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸೇ ಮುಗಿದಂತೆ. ನಿಜ ಹೇಳುತ್ತೇನೆ, ಬಹಳ ಹೆದರಿದ್ದೆ.

೧. ನಿಲಂಗಾ ಬಸ್ಸು

ಕಾಸಾರಶಿರಸಿಯಲ್ಲಿ ಹತ್ತಿದ ರೈತರೊಬ್ಬರು ಪಕ್ಕದಲ್ಲಿ ಕೂತು ನನ್ನ ಪುಸ್ತಕದೊಳಗೆ ಇಣುಕಿದರು.

“ಏನ್ ಬರದದ ರೀ ಸರ್ ಇದರಾಗ?”

“ಯುದ್ಧಕ್ಕ ಹೋಗೋ ಮುಂಚೆ ಸೇನಾಪತಿ ಮಾಡಿದ ಭಾಷಣ ರೀ ಕಾಕಾ.”

“ಬರದಂವಾ ಅಲ್ಲೇ ಇದ್ದನೇನ್ರೀ?”

“ಇಲ್ಲ ರೀ, ಎಷ್ಟೋ ವರ್ಷ ಆದಮ್ಯಾಲ ಹುಟ್ಟ್ಯಾನ. ಏನ್ ಅಂದಿರಬೇಕು ಅಂತ ತಾನೇ ವಿಚಾರ ಮಾಡಿ ಬರದಾನ. ಆಗಿನವರ ಪದ್ಧತಿನೇ ಹಂಗ ಇತ್ತು.”

ಕಾಕಾ ಸಮಾಧಾನದಿಂದ ತಲೆಯಾಡಿಸಿದರು. “ನಮ್ಮ ಕಡಿನೂ ಹಂಗೇ ಅದ ರೀ. ನಮ್ಮ ಸರಪಂಚ ಬಾಯಿ ಬಿಟ್ಟಿದ್ದು ಊರಾಗ ಇನ್ನೂ ಯಾರೂ ನೋಡಿಲ್ಲ. ಪೇಪರ್‌ನಾಗ ಮಾತ್ರ ಭಾರೀ ಭಾಷಣ ಬರ್ತಾವ.”

೨. ಚುಟುಕು ಶೈಲಿ

ಒಬ್ಬ ಇತಿಹಾಸಕಾರ ಹತ್ತು ಮಾತು ಬೇಕಾದಲ್ಲಿ ಎರಡೇ ಆಡುವವ. ಅವನ ಧಾಟಿಯಲ್ಲಿ ಮನೆಯ ಘಟನೆಯೊಂದನ್ನು ಬರೆಯಿರಿ ಎಂದು ಹೋಮ್‌ವರ್ಕ್ ಬಂತು. ಮಾವನವರು ಬಂದು ಹೋದದ್ದನ್ನು ಬರೆದೆ. ಹೆಂಡತಿ ಅರ್ಥ ಕೇಳಿದಳು. ಓದಿ ಹೇಳಿದೆ: “ಉದಗೀರಿನಿಂದ ಒಬ್ಬ ಮುದುಕ ಬಂದ, ಉಂಡು ಹೋದ.”

“ಎಂಟ್ ದಿನ ಇದ್ದು ನಮ್ಮ ತೊಗರಿ ರಾಶಿ ಮಾಡಿಸಿಕೊಟ್ಟಾರ, ಅದೆಲ್ಲಿ ಅದ ರೀ?”

“ಶೈಲಿನೇ ಹಂಗ ಅದ. ಬೇಕಾದಷ್ಟೇ ಬರೀಬೇಕು.”

ಮಧ್ಯಾಹ್ನ ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ ಬಂತು. ಪಲ್ಯವಿಲ್ಲ, ಹಿಂಡಿ ಚಟ್ನಿಯೂ ಇಲ್ಲ. ಕೇಳಿದರೆ, “ಬೇಕಾದಷ್ಟೇ ನೀಡೀನಿ ರೀ,” ಎಂದಳು.

೩. ಬಾಯಿ ಪರೀಕ್ಷೆ

ಎರಡನೆಯ ಪರೀಕ್ಷೆ ಶ್ರಾವಣ ಸೋಮವಾರವೇ ಬಂತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪುಸ್ತಕವನ್ನು ಪುರಾಣ ಓದಲು ಇಟ್ಟುಕೊಂಡ ಮನೆಯ ವ್ಯಾಸಪೀಠದ ಮೇಲಿಟ್ಟು, ಮೊಬೈಲ್ ಎದುರಿಗೆ ನಿಲ್ಲಿಸಿ ಕೂತೆ. ಪರದೆಯಲ್ಲಿ ಪರದೇಶದ ವಯಸ್ಸಾದ ಮೇಡಂ. ಮುತ್ತಿಗೆಯ ಭಾಗ ಓದಿ ಎಂದರು. ಗಟ್ಟಿಯಾಗಿ ಶುರು ಮಾಡಿದೆ.

ನಮ್ಮ ಕಡೆ ಶ್ರಾವಣದಲ್ಲಿ ಮನೆಮನೆಗೂ ಪುರಾಣ ಹಚ್ಚುತ್ತಾರೆ: ಒಬ್ಬರು ಓದಿ ಅರ್ಥ ಹೇಳುವುದು, ಉಳಿದವರು ಕೇಳುವುದು. ನಾನು ಓದುವುದು ಲಡಾಯಿಯ ಪುಸ್ತಕ ಎಂದಷ್ಟೇ ಗೊತ್ತಿದ್ದ ಅವ್ವ, ನನ್ನ ದನಿ ಕೇಳಿ ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದು, ತಲೆಯ ಮೇಲೆ ಸೆರಗು ಹೊದ್ದು, ಸದ್ದಿಲ್ಲದೆ ಹಿಂದೆ ಕೂತಳು.

ಹತ್ತು ಸಾಲಿಗೆ ಮೇಡಂ ಸಾಕೆಂದರು. ನಿಲ್ಲಿಸಿದೆ.

“ಯಾಕ ನಿಲ್ಲಿಸಿದಿ?” ಅವ್ವ ಗದರಿದಳು. “ಲಡಾಯಿ ನಡುವ ಬಿಟ್ಟು ಏಳಬಾರದು. ಅರ್ಥ ಹೇಳು!”

ಮೇಡಂ ಏನೆಂದು ಕೇಳಿದರು. ಬೆವರೊರೆಸಿಕೊಳ್ಳುತ್ತ ತಿಳಿಸಿದೆ. ಅವರು ನಕ್ಕು, “ಹಾಗಾದರೆ ಅವರಿಗೇ ಅರ್ಥ ಹೇಳಿ, ನಾನು ನೋಡುತ್ತೇನೆ,” ಎಂದರು.

ಒಂದೊಂದು ಸಾಲನ್ನೂ ಅವ್ವನಿಗೆ ಕನ್ನಡದಲ್ಲಿ, ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದೆ. ಕೋಟೆ ಬಿತ್ತು, ಮಂದಿ ಮನೆಬಾಗಿಲು ತೆರೆದಿಟ್ಟು ಹೊರಟರು ಎನ್ನುವಾಗ ಮೂವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಯತನಕ ಶೈಲಿಯನ್ನಷ್ಟೇ ಬಾಯಿಪಾಠ ಮಾಡಿದ್ದೆ. ಮನೆ ಬಿಟ್ಟು ಹೊರಟ ಆ ಮಂದಿ ನನ್ನ ಕಣ್ಣಿಗೆ ಬಿದ್ದದ್ದು ಆವತ್ತೇ.

ಮೇಡಂ ಕನ್ನಡಕ ತೆಗೆದರು. “ಈ ಪುಟಕ್ಕೆ ಯಾರಾದರೂ ಅತ್ತದ್ದನ್ನು ನಾನು ನೋಡಿರಲಿಲ್ಲ. ನೀವು ಪಾಸ್.”

ಅಷ್ಟರಲ್ಲಿ ಅವ್ವ ಮೊಬೈಲಿನ ಮುಂದೆ ಪ್ರಸಾದದ ಸಕ್ಕರೆ ಹಿಡಿದಿದ್ದಳು. ಏನೂ ತಿಳಿಯದ ಮೇಡಂ ಎರಡೂ ಕೈ ಒಡ್ಡಿದರು.

“ಅವ್ವಾ, ನಾ ಪಾಸಾದೆ!”

“ಆಗ್ಲಿ ಬಿಡು, ಪುರಾಣ ಇನ್ನೂ ಮುಗಿದಿಲ್ಲಲ್ಲ. ನಾಳಿಗೂ ಇದೇ ಟೈಮಿಗೆ ಬಾ ಅಂತ ಆಕಿಗಿ ಹೇಳು. ಬರೋವಾಗ ತೆಲಿ ಮ್ಯಾಲ ಸೆರಗು ಹೊತ್ತಗೊಂಡು ಬರ್ಲಿ.”