ಬೆಂದುಹೋದ ಆರನೆಯ ಸಂಪುಟ

ಮಣ್ಣಿನ ಗೂಡೊಲೆಗೆ ಬೆಂಕಿ ಹಾಕುವುದು, ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಸೇರಿಸಿ ನಾದುವುದು, ತಟ್ಟೆಗೆ ಬಾಳೆಲೆ ಹಾಸುವುದು, ಚಿಪಾ ರೊಟ್ಟಿಗಳನ್ನು ಬಳೆಯಂತೆ ಸುತ್ತಿಡುವುದು, ನಡುವೆ ಗಂಡನ ಅಂಗಿಗೆ ಇಸ್ತ್ರಿ, ಮಗಳ ಬುತ್ತಿ. ಇಷ್ಟೂ ಮುಗಿಸಿ ಎಲಿಹಿಯಾ ಬೆಳಗಿನ ಐದು ಗಂಟೆಯ ಅಸುನ್ಸಿಯೋನ್ ಬಸ್ಸಿಗೆ, ಚಿಪಾ ಮಾರಲು, ಬುಟ್ಟಿ ಹೊತ್ತು ನಿಲ್ಲಬೇಕು. ಒಲೆ ಕಾಯುವ ಇಪ್ಪತ್ತು ನಿಮಿಷ ಮಾತ್ರ ಯಾರಪ್ಪನ ಸ್ವತ್ತೂ ಅಲ್ಲ!

"ಒಂದೇ ಅಧ್ಯಾಯ! ಒಂದು ಸಾಲು ಹೆಚ್ಚು ಓದಿದ್ರೂ ನನ್ನ ಹೆಸರು ಎಲಿಹಿಯಾ ಅಲ್ಲ!" ಎಂದು ದಿನವೂ ಶಪಥ. ಆ ಲೆಕ್ಕದಲ್ಲಿ ಅವಳಿಗೆ ಹೆಸರೇ ಉಳಿದಿರಲಿಲ್ಲ.

ಪುಸ್ತಕ ಮಗಳು ನಿಮಿಯಾಳದು. ಅವಳು ಎಂಟು ವರ್ಷದವಳಿದ್ದಾಗ ಬಂದ ಮೊದಲ ಸಂಪುಟದಲ್ಲಿ ಮಾತಾಡುವ ಆಮೆ, ಹಾರುವ ದೋಣಿ ಇದ್ದವು. ಈಗ ಅವಳಿಗೆ ಹದಿಮೂರು, ಇದು ಆರನೆಯ ಸಂಪುಟ. ಕಥೆಯ ಹುಡುಗಿ ಸಾವಿಯಾ ಕೂಡ ಬೆಳೆದಿದ್ದಾಳೆ. ಆಮೆ ಸತ್ತಿದೆ. ಹಿಂದಿನಿಂದ ಬಂದು ಕತ್ತಿನ ಬಳಿ ಉಸಿರು ಹೀರುವ ಉಸಿರುಗಳ್ಳಿ ಬಂದಿದ್ದಾಳೆ. "ಪರೀಕ್ಷೆ ಮುಗಿಯೋವರೆಗೂ ನಾನೂ ಮುಟ್ಟಲ್ಲ, ಯಾರೂ ಮುಟ್ಟಬಾರದು!" ಎಂದು ನಿಮಿಯಾಳ ಕಟ್ಟಪ್ಪಣೆ.

ಆ ದಿನ ಸಾವಿಯಾ ಗುಹೆಯೊಳಗೆ ಒಬ್ಬಳೇ ಇದ್ದಳು. ಹಿಂದೆ ಏನೋ ಸರಿದಂತಾಯಿತು. ಎಲಿಹಿಯಾ ಪುಟಕ್ಕೆ ಇನ್ನಷ್ಟು ಹತ್ತಿರ ಬಾಗಿದಳು. ಅಷ್ಟರಲ್ಲಿ ಅವಳದೇ ಕತ್ತಿನ ಮೇಲೆ ಬಿಸಿಯುಸಿರು!

"ಏನೇ ಮಾಡ್ತಿದ್ದೀಯಾ?"

ಗಂಡ ಲಾಡಿಸ್ಲಾವೋ! ಪುಸ್ತಕ ಸರಕ್ಕನೆ ತಟ್ಟೆಯ ಬಾಳೆಲೆಯಡಿ ಸೇರಿತು.

"ಎ... ಎಲೆ ಹಾಸ್ತಿದ್ದೀನಿ." ಅವನು ಕದಲಲಿಲ್ಲ. ವಿಧಿಯಿಲ್ಲದೆ ಅದರ ಮೇಲೇ ಚಿಪಾಗಳನ್ನು ಜೋಡಿಸಿದಳು.

"ಸೊಂಟ ನೋವು ಅಂತಿದ್ದೆಯಲ್ಲ, ಇವತ್ತು ನಾನೇ ಒಲೆಗಿಡ್ತೀನಿ!"

ಹದಿನೈದು ವರ್ಷ ಒಂದು ಲೋಟ ತೊಳೆಯದ ಮಹಾಪುರುಷನಿಗೆ ಕರುಣೆ ಉಕ್ಕಲು ಇದೇ ಮುಹೂರ್ತ ಬೇಕಿತ್ತೇ!

"ಬೇಡ!"

"ಮಾಡ್ದಿದ್ರೆ ಗೊಣಗ್ತೀಯ, ಮಾಡಿದ್ರೆ ಕಿರುಚ್ತೀಯ!" ತಟ್ಟೆ ಒಳಗೆ ಹೋಯಿತು. ಒಲೆಯ ಬಾಯಿ ಮುಚ್ಚಿತು. ಅವನು ಅಲ್ಲೇ ಸೊಂಟಕ್ಕೆ ಕೈಯಿಟ್ಟು ಕಾವಲು ನಿಂತ.

"ಲಾಡಿ, ಹಂದಿ ತಪ್ಪಿಸ್ಕೊಂಡಿದೆ!" ಎಂದು ಎಲಿಹಿಯಾ ಸುಳ್ಳೇ ಕೂಗಿದಳು.

ಅವನು ಓಡಿದ. ಅವಳು ತಟ್ಟೆ ಎಳೆದಳು. ಚಿಪಾ ಹಸಿ; ಪುಸ್ತಕ ಹದವಾಗಿ ಬೆಂದಿತ್ತು. ಅಂಚೆಲ್ಲ ಕಂದು. ಕೊನೆಯ ಎರಡು ಅಧ್ಯಾಯಗಳು ಕರಗಿದ ಚೀಸಿನಲ್ಲಿ ಅಂಟಿಕೊಂಡಿದ್ದವು.

"ಅಮ್ಮಾ."

ಬಾಗಿಲಲ್ಲಿ ನಿಮಿಯಾ! ಎಲಿಹಿಯಾಳ ಉಸಿರು ಯಾವ ಕಳ್ಳಿಯೂ ಬರದೆಯೇ ನಿಂತಿತು. ಈ ಹುಡುಗಿ ಇನ್ನೆಂದೂ ತನ್ನ ಮಾತು ನಂಬುವುದಿಲ್ಲ.

"ತಪ್ಪಾಯ್ತು ಮಗಳೇ. ಕದ್ದು ಓದ್ತಿದ್ದೆ."

"ಗೊತ್ತು. ಪುಟಪುಟಕ್ಕೂ ನಿನ್ನ ಹೆಬ್ಬೆರಳ ಹಿಟ್ಟಿದೆ."

"ನೀನು... ಯಾವಾಗ ನೋಡ್ದೆ?"

ನಿಮಿಯಾ ಕಾಲ್ಬೆರಳು ನೋಡಿಕೊಂಡಳು. "ನಾನೂ ಕದ್ದು ಓದ್ತಿದ್ನಲ್ಲ! ಹಿಟ್ಟು ಒತ್ತಾಗಿದ್ರೆ ಮುಂದೆ ಭಯಂಕರ ಇದೆ ಅಂತ ಗೊತ್ತಾಗ್ತಿತ್ತು, ದೀಪ ಹಾಕ್ಕೋತಿದ್ದೆ. ಕೊನೆ ಎರಡು ಅಧ್ಯಾಯ ನೀನೇ ಮೊದಲು ಓದು. ನಿನ್ನ ಗುರುತಿಲ್ದೆ ನಂಗೆ ಧೈರ್ಯ ಇಲ್ಲ."

ಮರುದಿನ ಚಿಪಾ ಬೆಂದಿತು, ಬುಟ್ಟಿ ತುಂಬಿತು. ಎಲಿಹಿಯಾ ಒಲೆಯ ಮುಂದೆ ಒಬ್ಬಳೇ ಕೂತು ಚಾಕುವಿನಿಂದ ಅಂಟಿದ ಹಾಳೆಗಳನ್ನು ಬಿಡಿಸುತ್ತಿದ್ದಳು. ಸಾವಿಯಾ ಇನ್ನೂ ಗುಹೆಯಲ್ಲೇ ಇದ್ದಳು. ರಸ್ತೆಯಲ್ಲಿ ಐದರ ಬಸ್ಸು ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು.

ಎಲಿಹಿಯಾ ಬುಟ್ಟಿಯ ಕಡೆ ನೋಡಿದಳು. ಆಮೇಲೆ ಹೆಬ್ಬೆರಳನ್ನು ಹಿಟ್ಟಿನಲ್ಲಿ ಚೆನ್ನಾಗಿ ಅದ್ದಿ, ಪುಟ ತಿರುವಿದಳು.